ಹಳೆಯ ಫಿಲ್ಮ್ ಕ್ಯಾಮೆರಾ ರಿಪೇರಿ: ‘ಕ್ಲಿಕ್’ ಅಂದರೆ ಸರಿಯಾಯಿತು ಎಂದು ನಂಬಬಹುದೇ?

ಬೀರು ಖಾಲಿ ಮಾಡುವಾಗಲೋ, ಊರಿನ ಮನೆಯ ಅಟ್ಟ ಗುಡಿಸುವಾಗಲೋ ಕಂದು ಬಣ್ಣದ ಚರ್ಮದ ಚೀಲವೊಂದು ಕೈಗೆ ಸಿಗುತ್ತದೆ. ಒಳಗೆ ಅಜ್ಜನದೋ ಅಪ್ಪನದೋ ಕ್ಯಾಮೆರಾ. ಆಲ್ಬಂನಲ್ಲಿರುವ ಮದುವೆ, ನಾಮಕರಣ, ಜೋಗದ ಪ್ರವಾಸದ ಚಿತ್ರಗಳೆಲ್ಲ ಅದರಲ್ಲೇ ತೆಗೆದವು. ಇದನ್ನು ಮತ್ತೆ ಬಳಸಬೇಕು ಎಂಬ ಆಸೆ ಹುಟ್ಟುವುದು ಸಹಜ. ಆಗ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಯಾರ ಕೈಗೆ ಕೊಡುವುದು?

ನಮ್ಮ ಮನೆಯಲ್ಲೂ ಹೀಗೇ ಆಯಿತು. ದೊಡ್ಡಪ್ಪನ 35 ಎಂಎಂ ಕ್ಯಾಮೆರಾದ ಶಟರ್ ಅಂಟಿಕೊಂಡಿತ್ತು. ಒಂದು ಅಂಗಡಿಯಲ್ಲಿ ಕೊಟ್ಟೆವು. ಮರುದಿನವೇ ‘ಸರಿಯಾಯ್ತು ನೋಡಿ’ ಎಂದು ಕ್ಲಿಕ್ ಮಾಡಿ ತೋರಿಸಿದರು. ನಾವೂ ಖುಷಿಯಿಂದ ದುಡ್ಡು ಕೊಟ್ಟು ಬಂದೆವು. ನಾಲ್ಕು ತಿಂಗಳು ಕಳೆಯುವುದರೊಳಗೆ ಶಟರ್ ಮತ್ತೆ ಅಂಟಿಕೊಂಡಿತು. ಈ ಬಾರಿ ಲೆನ್ಸಿನ ಒಳಗೂ ಎಣ್ಣೆಯ ತೆಳು ಪೊರೆ. ರಿಪೇರಿ ಮಾಡಿದವರು ನಮಗೆ ಸುಳ್ಳು ಹೇಳಿರಲಿಲ್ಲ. ಆ ದಿನ ಕ್ಯಾಮೆರಾ ನಿಜಕ್ಕೂ ಕೆಲಸ ಮಾಡುತ್ತಿತ್ತು. ತೊಂದರೆ ಇರುವುದೇ ಇಲ್ಲಿ. ಒಳ್ಳೆಯ ರಿಪೇರಿಯೂ ಕೆಟ್ಟ ರಿಪೇರಿಯೂ ಮೊದಲ ದಿನ ಒಂದೇ ಥರ ಕಾಣುತ್ತವೆ.

ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಅದಕ್ಕೆ ಮೊದಲು ಕ್ಯಾಮೆರಾದೊಳಗೆ ಏನು ಹಾಳಾಗುತ್ತದೆ ಎಂದು ಸ್ವಲ್ಪ ತಿಳಿದುಕೊಳ್ಳೋಣ.

ಬಳಸದೆ ಇಟ್ಟರೂ ಕ್ಯಾಮೆರಾ ಏಕೆ ಹಾಳಾಗುತ್ತದೆ?

ಯಾಂತ್ರಿಕ ಕ್ಯಾಮೆರಾ ಒಂದು ರೀತಿಯಲ್ಲಿ ಗಡಿಯಾರ ಇದ್ದಂತೆ. 1 ಸೆಕೆಂಡ್, 1/2, 1/4 ಮುಂತಾದ ನಿಧಾನ ವೇಗಗಳನ್ನು ಅಳೆಯುವುದು ಪುಟ್ಟ ಹಲ್ಲುಚಕ್ರಗಳ ಒಂದು ಸಾಲು. ಈ ಚಕ್ರಗಳಿಗೆ ಹಾಕಿದ ಗ್ರೀಸ್ ಎಂದರೆ ಎಣ್ಣೆ ಮತ್ತು ಅದನ್ನು ಹಿಡಿದಿಡುವ ಗಟ್ಟಿ ವಸ್ತುವಿನ ಮಿಶ್ರಣ. ಮೂವತ್ತು ನಲವತ್ತು ವರ್ಷಗಳಲ್ಲಿ ಎಣ್ಣೆಯ ಅಂಶ ನಿಧಾನವಾಗಿ ಬೇರ್ಪಟ್ಟು ಹರಡುತ್ತದೆ, ಸ್ವಲ್ಪ ಆವಿಯಾಗುತ್ತದೆ. ಉಳಿದದ್ದು ಮೇಣದಂತೆ ಗಟ್ಟಿಯಾಗುತ್ತದೆ. ಹೀಗಾಗಿ ಚಕ್ರಗಳು ತಡವರಿಸುತ್ತವೆ, 1 ಸೆಕೆಂಡಿನ ವೇಗ 2 ಸೆಕೆಂಡ್ ಆಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ.

ಬೇರ್ಪಟ್ಟ ಎಣ್ಣೆ ಎಲ್ಲಿಗೆ ಹೋಗುತ್ತದೆ? ಲೆನ್ಸಿನೊಳಗೇ ಶಟರ್ ಇರುವ ಕ್ಯಾಮೆರಾಗಳಲ್ಲಿ ತೆಳುವಾದ ಲೋಹದ ಎಲೆಗಳಿರುತ್ತವೆ. ಅವು ಒಣಗಿದ್ದಾಗ ಮಾತ್ರ ಸಲೀಸಾಗಿ ಚಲಿಸುತ್ತವೆ. ಎಣ್ಣೆ ಅಲ್ಲಿಗೆ ತಲುಪಿದರೆ ಒದ್ದೆಯಾದ ಎರಡು ಗಾಜಿನ ತುಂಡುಗಳು ಅಂಟಿಕೊಳ್ಳುವ ಹಾಗೆ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ನು ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ನುಸುಳದಂತೆ ಅಂಟಿಸಿದ ಕಪ್ಪು ಫೋಮ್. ಇದು ಪಾಲಿಯುರಿಥೇನ್ ಎಂಬ ವಸ್ತು. ಗಾಳಿಯ ತೇವದೊಂದಿಗೆ ವರ್ತಿಸಿ ವರ್ಷಗಳ ನಂತರ ಡಾಂಬರಿನಂತೆ ಅಂಟಂಟಾಗುತ್ತದೆ ಅಥವಾ ಪುಡಿಯಾಗುತ್ತದೆ. ಆಗ ಚಿತ್ರಗಳ ಮೇಲೆ ಕಿತ್ತಳೆ ಅಥವಾ ಬಿಳಿ ಪಟ್ಟೆಗಳು ಬೀಳುತ್ತವೆ.

ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಕಾಟವಿದೆ: ಲೆನ್ಸಿನೊಳಗಿನ ಶಿಲೀಂಧ್ರ, ಅಂದರೆ ಫಂಗಸ್. ಮಳೆಗಾಲದ ತೇವ, ಕತ್ತಲೆ, ಗಾಳಿಯಾಡದ ಚರ್ಮದ ಚೀಲ, ಇವು ಮೂರೂ ಸೇರಿದರೆ ಅದಕ್ಕೆ ಹಬ್ಬ. ಜೇಡರ ಬಲೆಯಂಥ ಎಳೆಗಳು ಗಾಜಿನ ಮೇಲೆ ಹರಡುತ್ತವೆ. ಅವು ಬಿಡುವ ಆಮ್ಲೀಯ ಪದಾರ್ಥಗಳು ಲೆನ್ಸಿನ ಲೇಪನವನ್ನೂ ಕ್ರಮೇಣ ಗಾಜನ್ನೂ ಕೊರೆಯುತ್ತವೆ.

ನಾವು ನಂಬಿಕೊಂಡು ಬಂದಿರುವ ಕೆಲವು ಮಾತುಗಳು

*‘ಕ್ಲಿಕ್ ಅಂದರೆ ಶಟರ್ ಚೆನ್ನಾಗಿದೆ.’* ತಪ್ಪು. 1/500 ಸೆಕೆಂಡ್ ತೆರೆಯಬೇಕಾದ ಶಟರ್ 1/250 ಸೆಕೆಂಡ್ ತೆರೆದರೂ ಕಿವಿಗೆ ಅದೇ ಸದ್ದು. ಆದರೆ ಫಿಲ್ಮಿಗೆ ಬೀಳುವ ಬೆಳಕು ಎರಡು ಪಟ್ಟು. ಫಿಲ್ಮಿನ ಮುಂದೆ ಎರಡು ಪರದೆಗಳು ಓಡುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೆಚ್ಚಿನ ವೇಗಗಳಲ್ಲಿ ಈ ಎರಡು ಪರದೆಗಳ ನಡುವಿನ ಕಿರಿದಾದ ಸೀಳು ಫಿಲ್ಮಿನ ಮೇಲೆ ಹಾದುಹೋಗುತ್ತದೆ. ಒಂದು ಪರದೆ ಸ್ವಲ್ಪ ಸೋಮಾರಿಯಾದರೂ ಚಿತ್ರದ ಒಂದು ಬದಿ ಬೆಳಗಿ, ಇನ್ನೊಂದು ಬದಿ ಕಪ್ಪಾಗುತ್ತದೆ. ಇದನ್ನು ಅಳೆದೇ ತಿಳಿಯಬೇಕು, ಕೇಳಿ ಅಲ್ಲ.

*‘ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕು.’* ಹೊಲಿಗೆ ಯಂತ್ರಕ್ಕೆ ಸರಿ, ಕ್ಯಾಮೆರಾಕ್ಕೆ ಅಲ್ಲ. ಹೊಸ ಎಣ್ಣೆ ಅಥವಾ ಡಬ್ಲ್ಯುಡಿ-40ಯಂಥ ಸ್ಪ್ರೇ ಹಳೆಯ ಗ್ರೀಸನ್ನು ತಾತ್ಕಾಲಿಕವಾಗಿ ಕರಗಿಸುತ್ತದೆ, ಹಾಗಾಗಿ ಕ್ಯಾಮೆರಾ ತಕ್ಷಣ ಓಡುತ್ತದೆ. ಆದರೆ ಕರಗಿದ ಕೊಳೆ ಒಳಗೇ ಇರುತ್ತದೆ. ಅದು ಹರಿದು ಎಲೆಗಳಿಗೂ ಲೆನ್ಸಿಗೂ ತಲುಪಿ, ಕೆಲವು ತಿಂಗಳಲ್ಲಿ ಮತ್ತೆ ಅಂಟುತ್ತದೆ. ನಮ್ಮ ದೊಡ್ಡಪ್ಪನ ಕ್ಯಾಮೆರಾಕ್ಕೆ ಆದದ್ದು ಇದೇ. ಸರಿಯಾದ ವಿಧಾನವೆಂದರೆ ಬಿಚ್ಚುವುದು, ಹಳೆಯದನ್ನು ಪೂರ್ತಿ ತೊಳೆಯುವುದು, ಬೇಕಾದ ಜಾಗಕ್ಕಷ್ಟೇ ಸೂಜಿಮೊನೆಯಷ್ಟು ಎಣ್ಣೆ ಇಡುವುದು, ಕೊನೆಗೆ ವೇಗಗಳನ್ನು ಹೊಂದಿಸುವುದು. ಕ್ಯಾಮೆರಾ ವಲಯದಲ್ಲಿ ಇದನ್ನು ‘ಸಿಎಲ್‌ಎ’ ಎನ್ನುತ್ತಾರೆ.

*‘ಫಂಗಸ್ ಬಂದ ಲೆನ್ಸನ್ನು ಬಿಸಿಲಿಗಿಟ್ಟರೆ ಹೋಗುತ್ತದೆ.’* ಅರ್ಧ ಸತ್ಯ. ಬಿಸಿಲಿನ ನೇರಳಾತೀತ ಕಿರಣಗಳು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯಬಹುದು. ಆದರೆ ಗಾಜಿನ ಮೇಲಿನ ಎಳೆಗಳು ಹಾಗೇ ಉಳಿಯುತ್ತವೆ, ಕೊರೆದ ಲೇಪನ ಮತ್ತೆ ಬರುವುದಿಲ್ಲ. ಮೇಲಾಗಿ ಬಿಸಿಗೆ ಗ್ರೀಸ್ ಇನ್ನಷ್ಟು ಹರಿಯುತ್ತದೆ. ಬಿಸಿಲು ಚೆನ್ನಾಗಿ ಕೆಲಸ ಮಾಡುವುದು ಬೇರೆಯೇ ಒಂದು ದೋಷಕ್ಕೆ. ಕೆಲವು ಹಳೆಯ ಲೆನ್ಸ್‌ಗಳ ಗಾಜಿನಲ್ಲಿ ಥೋರಿಯಂ ಆಕ್ಸೈಡ್ ಇರುತ್ತದೆ. ಅದು ವರ್ಷಗಳ ನಂತರ ಗಾಜನ್ನು ಹಳದಿಯಾಗಿಸುತ್ತದೆ, ನೇರಳಾತೀತ ಬೆಳಕು ಆ ಹಳದಿಯನ್ನು ಕಡಿಮೆ ಮಾಡುತ್ತದೆ.

*‘ಅಕ್ಕಿ ಡಬ್ಬಿಯಲ್ಲಿಟ್ಟರೆ ತೇವ ಹೀರುತ್ತದೆ.’* ಅಕ್ಕಿ ಹೀರುವ ತೇವ ಅತ್ಯಲ್ಪ. ಬದಲಿಗೆ ಅದರ ಪುಡಿ ಕ್ಯಾಮೆರಾದ ಸಂದುಗಳಿಗೆ ಸೇರಿ ಹೊಸ ತಲೆನೋವು ತರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಪೊಟ್ಟಣ ಇದಕ್ಕಿಂತ ಎಷ್ಟೋ ಉತ್ತಮ.

*‘ಸೆಲ್ ಯಾವುದಾದರೇನು, ಹೊಂದಿದರೆ ಆಯಿತು.’* 1960 ಮತ್ತು 70ರ ದಶಕದ ಅನೇಕ ಕ್ಯಾಮೆರಾಗಳ ಬೆಳಕಿನ ಮೀಟರ್ 1.35 ವೋಲ್ಟ್‌ನ ಪಾದರಸದ ಸೆಲ್‌ಗೆಂದು ತಯಾರಾದದ್ದು. ಪಾದರಸ ವಿಷಕಾರಿ ಎಂಬ ಕಾರಣಕ್ಕೆ ಆ ಸೆಲ್‌ಗಳು ಮಾರುಕಟ್ಟೆಯಿಂದ ಹೋದವು. ಅದರ ಜಾಗಕ್ಕೆ 1.5 ವೋಲ್ಟ್‌ನ ಆಲ್ಕಲೈನ್ ಸೆಲ್ ಹಾಕಿದರೆ, ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದು ಅನೇಕ ಮೀಟರ್‌ಗಳು ತಪ್ಪು ತೋರಿಸುತ್ತವೆ, ಚಿತ್ರ ಕಪ್ಪಾಗುತ್ತದೆ. ಶ್ರವಣ ಸಾಧನಗಳಿಗೆ ಬಳಸುವ 675 ಅಳತೆಯ ಸತು-ಗಾಳಿ ಸೆಲ್ ಸುಮಾರು 1.4 ವೋಲ್ಟ್ ಕೊಡುವುದರಿಂದ ಹತ್ತಿರದ ಬದಲಿ. ಆದರೆ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಂಥ ಕೆಲವು ಕ್ಯಾಮೆರಾಗಳ ಮೀಟರ್ ಸರ್ಕ್ಯೂಟ್ ವೋಲ್ಟೇಜ್ ಬದಲಾದರೂ ಸರಿಯಾಗಿಯೇ ಅಳೆಯುತ್ತದೆ. ಜೆನಿಟ್-ಇ ಮಾದರಿಯ ಸೆಲೆನಿಯಂ ಮೀಟರ್‌ಗೆ ಸೆಲ್ಲೇ ಬೇಡ. ನಿಮ್ಮ ಕ್ಯಾಮೆರಾ ಯಾವ ಗುಂಪಿಗೆ ಸೇರಿದ್ದು ಎಂದು ಹೇಳಬಲ್ಲವರು ಆ ಕೆಲಸ ಬಲ್ಲವರು ಎಂಬುದಕ್ಕೆ ಅದೇ ಮೊದಲ ಸುಳಿವು.

ಕೊಡುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ

ಕ್ಯಾಮೆರಾದ ಸ್ಥಿತಿ ನಿಮಗೇ ಗೊತ್ತಿದ್ದರೆ ರಿಪೇರಿ ಮಾಡುವವರ ಮಾತನ್ನು ತೂಗಿ ನೋಡಬಹುದು.

ಮೊಟ್ಟಮೊದಲು, ಹಿಂಬಾಗಿಲು ತೆರೆಯಬೇಡಿ. ಒಳಗೆ ಫಿಲ್ಮ್ ಇದ್ದರೆ ಅದರಲ್ಲಿ ಇಪ್ಪತ್ತೋ ಮೂವತ್ತೋ ವರ್ಷ ಹಿಂದಿನ ಮುಖಗಳಿರಬಹುದು. ಬೆಳಕು ಬಿದ್ದರೆ ಅವು ಹೋದಂತೆಯೇ. 35 ಎಂಎಂ ಕ್ಯಾಮೆರಾದಲ್ಲಿ ಫಿಲ್ಮ್ ಹಿಂದಕ್ಕೆ ಸುತ್ತುವ ಗುಬ್ಬಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿ ಎನಿಸಿದರೆ ಒಳಗೆ ಫಿಲ್ಮ್ ಇದೆ ಎಂದರ್ಥ. ತಳದ ಗುಂಡಿ ಒತ್ತಿ ಪೂರ್ತಿ ಸುತ್ತಿಕೊಂಡು, ಆಮೇಲೆ ತೆರೆಯಿರಿ. ಬಲವಂತ ಬೇಡ. ಹಳೆಯ ಫಿಲ್ಮ್ ಪಟ್ಟನೆ ತುಂಡಾಗುತ್ತದೆ. ಅನುಮಾನವಿದ್ದರೆ ‘ಒಳಗೆ ಫಿಲ್ಮ್ ಇದೆ, ಕತ್ತಲಲ್ಲಿ ತೆಗೆಯಿರಿ’ ಎಂದು ಚೀಟಿ ಅಂಟಿಸಿ ಕೊಡಿ.

ನಂತರ ಸೆಲ್ ಇಡುವ ಜಾಗ ನೋಡಿ. ಬಿಳಿ ಅಥವಾ ಹಸಿರು ಪುಡಿ ಇದ್ದರೆ ಸೆಲ್ ಸೋರಿದೆ. ಆಲ್ಕಲೈನ್ ಸೆಲ್ ಸೋರಿದ್ದರೆ ಕಿವಿಕಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಬಹುದು. ಹಳೆಯ ಪಾದರಸದ ಸೆಲ್ ಸಿಕ್ಕಿದರೆ ಬಿಚ್ಚಬೇಡಿ, ಸುಡಬೇಡಿ, ಮನೆಯ ಕಸಕ್ಕೆ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಫಿಲ್ಮ್ ಇಲ್ಲವೆಂದು ಖಾತರಿಯಾದ ಮೇಲೆ ಹಿಂಬಾಗಿಲು ತೆರೆದು ವೇಗಗಳನ್ನು ಒಂದೊಂದಾಗಿ ಪರೀಕ್ಷಿಸಿ. 1 ಸೆಕೆಂಡಿನ ವೇಗವನ್ನು ಫೋನಿನ ಸ್ಟಾಪ್‌ವಾಚ್ ಜೊತೆ ಹೋಲಿಸಿ. ನಿಮ್ಮ ಫೋನಿನಲ್ಲಿ ಸೆಕೆಂಡಿಗೆ 240 ಚೌಕಟ್ಟುಗಳ ಸ್ಲೋಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಬೆಳಕಿನ ಕಡೆಗೆ ಹಿಡಿದು ಶಟರ್ ತೆರೆಯುವುದನ್ನು ವಿಡಿಯೊ ಮಾಡಿ, ಎಷ್ಟು ಚೌಕಟ್ಟುಗಳಲ್ಲಿ ಬೆಳಕು ಕಂಡಿತು ಎಂದು ಎಣಿಸಿ. 1/4 ಸೆಕೆಂಡಿಗೆ 60 ಚೌಕಟ್ಟು, 1/30ಕ್ಕೆ 8 ಚೌಕಟ್ಟು ಬರಬೇಕು. 1/125ಕ್ಕಿಂತ ಹೆಚ್ಚಿನ ವೇಗಗಳಿಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಬೆಳಕಿನ ಸಂವೇದಕವಿರುವ ಪರೀಕ್ಷಕ ಉಪಕರಣವೇ ಬೇಕು.

ಒಂದು ಎಚ್ಚರಿಕೆ: ಫೆಡ್, ಜೋರ್ಕಿಯಂಥ ಸೋವಿಯತ್ ಕ್ಯಾಮೆರಾಗಳಲ್ಲಿ ಮೊದಲು ಶಟರ್ ಎಳೆದು, ಆಮೇಲೆ ವೇಗ ಬದಲಿಸಬೇಕು. ತಿರುವುಮುರುವು ಮಾಡಿದರೆ ಚೆನ್ನಾಗಿದ್ದ ಕ್ಯಾಮೆರಾವೂ ಕೆಡಬಹುದು.

ಕೊನೆಗೆ ಟಾರ್ಚ್ ಹಿಡಿದು ಲೆನ್ಸನ್ನು ಓರೆಯಾಗಿ ನೋಡಿ. ಎಳೆಗಳಿದ್ದರೆ ಫಂಗಸ್, ಮಂಜಿನಂತಿದ್ದರೆ ಎಣ್ಣೆಯ ಪೊರೆ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆ ಬೇಡ, ಅವು ಚಿತ್ರದಲ್ಲಿ ಕಾಣುವುದಿಲ್ಲ.

ಎಲ್ಲಿ ಹುಡುಕುವುದು?

ಫಿಲ್ಮ್ ಕ್ಯಾಮೆರಾ ಬಿಚ್ಚಿ ಜೋಡಿಸಬಲ್ಲವರು ಈಗ ಕಡಿಮೆ. ಕಂಪನಿಗಳ ಸರ್ವಿಸ್ ಸೆಂಟರ್‌ಗಳು ಸಾಮಾನ್ಯವಾಗಿ ಈ ಹಳೆಯ ಮಾದರಿಗಳನ್ನು ಮುಟ್ಟುವುದಿಲ್ಲ. ಉಳಿದಿರುವವರಲ್ಲಿ ಹೆಚ್ಚಿನವರು ಫಲಕವಿಲ್ಲದ ಸಣ್ಣ ಕೋಣೆಯಲ್ಲೋ ಮನೆಯ ಮೇಜಿನ ಮೇಲೋ ಕೆಲಸ ಮಾಡುತ್ತಾರೆ. ಅವರ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ.

ನಿಮ್ಮ ಊರಿನ ಹಳೆಯ ಸ್ಟುಡಿಯೋಗೆ ಹೋಗಿ ‘ಫಿಲ್ಮ್ ಕಾಲದಲ್ಲಿ ನಿಮ್ಮ ಕ್ಯಾಮೆರಾ ಕೆಟ್ಟರೆ ಯಾರಿಗೆ ಕೊಡುತ್ತಿದ್ರಿ ಸರ್?’ ಎಂದು ಕೇಳಿ. ನಿವೃತ್ತ ಪತ್ರಿಕಾ ಛಾಯಾಗ್ರಾಹಕರಿಗೂ ಇದು ಗೊತ್ತಿರುತ್ತದೆ. ಈಗ ಫಿಲ್ಮ್ ಬಳಸುವ ಯುವಕ ಯುವತಿಯರ ಗುಂಪುಗಳು ಮತ್ತು ಫಿಲ್ಮ್ ತೊಳೆದುಕೊಡುವ ಲ್ಯಾಬ್‌ನವರು ಇನ್ನೆರಡು ಒಳ್ಳೆಯ ದಾರಿ. ಯಾರು ರಿಪೇರಿ ಮಾಡಿದ ಕ್ಯಾಮೆರಾದಿಂದ ಸರಿಯಾದ ನೆಗೆಟಿವ್ ಬರುತ್ತಿದೆ ಎಂದು ಲ್ಯಾಬ್‌ನವರು ಕಣ್ಣಾರೆ ನೋಡಿರುತ್ತಾರೆ.

ಹೆಸರು ಸಿಕ್ಕ ಮೇಲೆ ‘ಅವರು ಚೆನ್ನಾಗಿ ಮಾಡುತ್ತಾರಾ?’ ಎಂದು ಮಾತ್ರ ಕೇಳಬೇಡಿ. ‘ನೀವು ಮಾಡಿಸಿ ಎಷ್ಟು ದಿನವಾಯಿತು? ಈಗಲೂ ಸರಿಯಿದೆಯಾ? ಎಷ್ಟು ರೋಲ್ ತೆಗೆದಿದ್ದೀರಿ?’ ಎಂದು ಕೇಳಿ. ಕ್ಯಾಮೆರಾ ಕೈಗೆ ಬಂದ ದಿನವೇ ಬರೆದ ಹೊಗಳಿಕೆಗಿಂತ, ಒಂದು ಮಳೆಗಾಲ ಕಳೆದವರ ಒಂದು ಮಾತು ಹೆಚ್ಚು ಬೆಲೆಯುಳ್ಳದ್ದು.

ಕೇಳಬೇಕಾದ ಆರು ಪ್ರಶ್ನೆಗಳು

1. ಈ ಮಾದರಿಯನ್ನು ಮೊದಲು ಬಿಚ್ಚಿದ್ದೀರಾ? ಇದರ ಸಾಮಾನ್ಯ ತೊಂದರೆ ಏನು? ಬಲ್ಲವರು ತಡವರಿಸದೆ ಹೇಳುತ್ತಾರೆ. ಯಾಷಿಕಾ ಎಲೆಕ್ಟ್ರೋ 35 ಎಂದರೆ ಒಳಗೆ ಪುಡಿಯಾಗುವ ರಬ್ಬರ್ ಪ್ಯಾಡ್ ನೆನಪಾಗಬೇಕು. ಕ್ಯಾನನ್ ಎಇ-1 ಎಂದರೆ ಕನ್ನಡಿಯ ಚಕ್ರಗಳು ಒಣಗಿ ಬರುವ ಕೆಮ್ಮಿನಂಥ ಸದ್ದು.

2. ಶಟರ್ ವೇಗವನ್ನು ಉಪಕರಣದಿಂದ ಅಳೆಯುತ್ತೀರಾ? ರಿಪೇರಿಗೆ ಮುಂಚಿನ ಮತ್ತು ನಂತರದ ಅಂಕಿಗಳನ್ನು ಬರೆದುಕೊಡುತ್ತೀರಾ? ಆರರಲ್ಲಿ ಇದೇ ಮುಖ್ಯ. ಅಳೆಯದೆ ಹೊಂದಿಸಲು ಸಾಧ್ಯವಿಲ್ಲ.

3. ಯಾವ ಯಾವ ಕೆಲಸ ಸೇರಿದೆ? ಶಟರ್ ಮಾತ್ರವೋ, ಫೋಮ್, ಮೀಟರ್, ಲೆನ್ಸ್ ಶುಚಿ, ಫೋಕಸ್ ಪರೀಕ್ಷೆ ಕೂಡವೋ?

4. ಬಿಡಿಭಾಗ ಬೇಕಾದರೆ ಎಲ್ಲಿಂದ ತರುತ್ತೀರಿ? ಹೊಸ ಭಾಗಗಳು ಬರುವುದಿಲ್ಲ. ಕೆಟ್ಟ ಕ್ಯಾಮೆರಾದಿಂದ ತೆಗೆದು ಹಾಕುವುದೇ ರೂಢಿ. ಅದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯ ಲಕ್ಷಣ. ತೆಗೆದ ಹಳೆಯ ಭಾಗವನ್ನು ನಿಮಗೆ ವಾಪಸ್ ಕೊಡಲು ಹೇಳಿ.

5. ಮತ್ತೆ ಅದೇ ತೊಂದರೆ ಬಂದರೆ? ಆರು ತಿಂಗಳ ಮಾತು ಕೊಡುವವರು ತಮ್ಮ ಕೆಲಸದ ಮೇಲೆ ನಂಬಿಕೆ ಇಟ್ಟವರು.

6. ಯಾವ ಕ್ಯಾಮೆರಾ ನೀವು ತೆಗೆದುಕೊಳ್ಳುವುದಿಲ್ಲ? ‘ಎಲ್ಲವನ್ನೂ ಮಾಡುತ್ತೇನೆ’ ಎನ್ನುವವರಿಗಿಂತ ‘ಇದು ನನ್ನಿಂದ ಆಗಲ್ಲ’ ಎನ್ನಬಲ್ಲವರು ನಂಬಿಕೆಗೆ ಅರ್ಹರು.

ಸ್ಕ್ರೂ ಹೇಳುವ ಕಥೆ

ಅವರು ರಿಪೇರಿ ಮಾಡಿದ ಯಾವುದಾದರೂ ಕ್ಯಾಮೆರಾ ನೋಡಲು ಸಿಕ್ಕರೆ ಸ್ಕ್ರೂಗಳ ತಲೆ ನೋಡಿ. ಜಪಾನಿನ ಕ್ಯಾಮೆರಾಗಳ ಕೂಡುಗೀಟಿನ ಸ್ಕ್ರೂಗಳು ನಮ್ಮ ಹಾರ್ಡ್‌ವೇರ್ ಅಂಗಡಿಯ ಫಿಲಿಪ್ಸ್ ಸ್ಕ್ರೂಗಳಂತೆಯೇ ಕಂಡರೂ ಅಳತೆ ಬೇರೆ. ಅವು ಜೆಐಎಸ್ ಎಂಬ ಜಪಾನಿ ಮಾನದಂಡದವು. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಜಾರಿ ತಲೆಯನ್ನು ತಿನ್ನುತ್ತದೆ. ಹರಿದ ತಲೆ, ಗೀಚಿದ ಲೆನ್ಸ್ ಉಂಗುರ, ಅಂಚಿನಲ್ಲಿ ಗೋಂದು ಸುರಿದ ಚರ್ಮ ಕಂಡರೆ ಆತುರದ ಕೈ ಎಂದೇ ತಿಳಿಯಿರಿ.

ಕ್ಯಾಮೆರಾ ನೋಡುವ ಮೊದಲೇ ದರ ಹೇಳುವುದು, ‘ನಾಳೆಯೇ ಬನ್ನಿ’ ಎನ್ನುವುದು, ಪ್ರಶ್ನೆ ಕೇಳಿದರೆ ಸಿಡುಕುವುದು ಕೂಡ ಎಚ್ಚರಿಕೆಯ ಗಂಟೆಗಳೇ. ಆದರೆ ಕೋಣೆ ಚಿಕ್ಕದು, ಬಿಲ್ ಪುಸ್ತಕ ಇಲ್ಲ, ಮಾತು ಕಡಿಮೆ ಎಂಬ ಕಾರಣಕ್ಕೆ ಯಾರನ್ನೂ ತಳ್ಳಿಹಾಕಬೇಡಿ.

ಇನ್ನೂ ಅನುಮಾನವಿದ್ದರೆ ಮೊದಲು ಒಂದು ಅಗ್ಗದ ಹಳೆಯ ಕ್ಯಾಮೆರಾ ಕೊಟ್ಟು ನೋಡಿ. ಅಜ್ಜನ ಕ್ಯಾಮೆರಾವೇ ಮೊದಲ ಪರೀಕ್ಷೆಯಾಗುವುದು ಬೇಡ.

ಕೊಡುವಾಗ, ಪಡೆಯುವಾಗ

ಕೊಡುವ ಮೊದಲು ಎಲ್ಲ ಬದಿಗಳ ಫೋಟೊ ತೆಗೆದಿಡಿ, ಸೀರಿಯಲ್ ನಂಬರ್ ಸಹಿತ. ಒಪ್ಪಿದ ಕೆಲಸ ಮತ್ತು ಗರಿಷ್ಠ ಮೊತ್ತವನ್ನು ವಾಟ್ಸಾಪ್ ಸಂದೇಶವಾಗಿಯಾದರೂ ಬರೆದುಕೊಳ್ಳಿ. ‘ಇದಕ್ಕಿಂತ ಹೆಚ್ಚಾದರೆ ನನ್ನನ್ನು ಕೇಳಿಯೇ ಮುಂದುವರಿಸಿ’ ಎಂಬ ಒಂದು ಸಾಲು ಬಹಳ ಜಗಳ ತಪ್ಪಿಸುತ್ತದೆ. ಕೊರಿಯರ್‌ನಲ್ಲಿ ಕಳಿಸುವುದಾದರೆ ಸೆಲ್ ತೆಗೆದು, ಎರಡು ಪೆಟ್ಟಿಗೆಯೊಳಗಿಟ್ಟು, ಸುತ್ತ ಎರಡು ಇಂಚು ಮೆತ್ತೆ ತುಂಬಿಸಿ.

ವಾಪಸ್ ಬಂದ ವಾರದಲ್ಲೇ ಒಂದು ರೋಲ್ ತೆಗೆಯಿರಿ. ದೂರದ ಮರ, ಹತ್ತಿರದ ಮುಖ, ಬೇರೆ ಬೇರೆ ವೇಗಗಳಲ್ಲಿ ಸಮ ಬಣ್ಣದ ಗೋಡೆ, ಇವನ್ನೆಲ್ಲ ಸೇರಿಸಿ, ಯಾವ ಚಿತ್ರಕ್ಕೆ ಯಾವ ವೇಗ ಎಂದು ಬರೆದಿಡಿ. ಗೋಡೆಯ ಚಿತ್ರದ ಒಂದು ಬದಿ ಕಪ್ಪಾಗಿದ್ದರೆ ಪರದೆಗಳು ಸಮನಾಗಿಲ್ಲ. ದೂರದ ಮರ ಮಸುಕಾಗಿದ್ದರೆ ಲೆನ್ಸ್ ಜೋಡಿಸುವಾಗ ಫೋಕಸ್ ತಪ್ಪಿದೆ. ಸಾಕ್ಷಿ ಕೈಯಲ್ಲಿದ್ದರೆ ದೂರು ಹೇಳುವುದೂ ಸುಲಭ, ಅವರಿಗೆ ಸರಿಪಡಿಸುವುದೂ ಸುಲಭ.

ಹಾಗೆಂದು ಪರಿಪೂರ್ಣತೆಯ ಹಟ ಬೇಡ. ಹಳೆಯ ಸ್ಪ್ರಿಂಗಿನಿಂದ 1/1000 ಎಂದರೆ ಸರಿಯಾಗಿ 1/1000 ಬರುವುದಿಲ್ಲ. ಅದು 1/800 ಆದರೂ ಕಲರ್ ನೆಗೆಟಿವ್ ಫಿಲ್ಮ್ ಸಹಿಸಿಕೊಳ್ಳುತ್ತದೆ.

ಎಲ್ಲ ಕ್ಯಾಮೆರಾವನ್ನೂ ಉಳಿಸಬಹುದೇ?

ಇಲ್ಲ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2ನಂಥ ಯಾಂತ್ರಿಕ ಕ್ಯಾಮೆರಾಗಳ ಶಟರ್‌ಗೆ ವಿದ್ಯುತ್ ಬೇಡ, ಅವನ್ನು ಬಹುಪಾಲು ಉಳಿಸಬಹುದು. 80 ಮತ್ತು 90ರ ದಶಕದ ಎಲೆಕ್ಟ್ರಾನಿಕ್ ಕ್ಯಾಮೆರಾಗಳಲ್ಲಿ ಆ ಮಾದರಿಗೆಂದೇ ಮಾಡಿದ ಚಿಪ್ ಸುಟ್ಟರೆ ಬದಲಿ ಸಿಗುವುದು ಕಷ್ಟ. ಇನ್ನು ಫ್ಲ್ಯಾಷ್ ಒಳಗೇ ಇರುವ ಪುಟ್ಟ ಕ್ಯಾಮೆರಾಗಳನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡವೇ ಬೇಡ. ಅದರ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಸೆಲ್ ತೆಗೆದ ಮೇಲೂ ಅದು ಉಳಿದಿದ್ದು ಜೋರಾಗಿ ಹೊಡೆಯಬಹುದು.

ಕೆಲವೊಮ್ಮೆ ರಿಪೇರಿಯ ಖರ್ಚು ಕ್ಯಾಮೆರಾದ ಬೆಲೆಗಿಂತ ಹೆಚ್ಚಾಗುತ್ತದೆ. ಮಾರುಕಟ್ಟೆಯ ಲೆಕ್ಕದಲ್ಲಿ ಅದು ನಷ್ಟವೇ. ಆದರೆ ಅದೇ ಗುಂಡಿಯ ಮೇಲೆ ಅಜ್ಜನ ಬೆರಳಿತ್ತು ಎಂಬುದಕ್ಕೆ ಮಾರುಕಟ್ಟೆಯಲ್ಲಿ ದರವಿಲ್ಲ. ಆ ಲೆಕ್ಕ ನಿಮ್ಮದು.

ದೊಡ್ಡಪ್ಪನ ಕ್ಯಾಮೆರಾ ಎರಡನೇ ಬಾರಿ ಹೋದದ್ದು ಒಬ್ಬ ಹಿರಿಯರ ಬಳಿ. ಅವರು ‘ಎರಡು ತಿಂಗಳು ಬೇಕು’ ಎಂದರು. ಎರಡೂವರೆಯಾಯಿತು. ಜೊತೆಗೆ ಒಂದು ಚೀಟಿ ಕೊಟ್ಟರು, ಎಡಗಡೆ ಹಳೆಯ ವೇಗಗಳು, ಬಲಗಡೆ ಹೊಸ ವೇಗಗಳು. ಕೊನೆಯ ಸಾಲಿನಲ್ಲಿ ‘1/500 ನಿಧಾನವೇ ಇದೆ, ಸ್ಪ್ರಿಂಗ್ ಹಳೆಯದು, ಸರಿಯಾಗಲಿಲ್ಲ’ ಎಂದಿತ್ತು. ಎಲ್ಲ ಸರಿಯಾಗಿದೆ ಎಂದ ಅಂಗಡಿಗಿಂತ, ಒಂದು ಸರಿಯಾಗಲಿಲ್ಲ ಎಂದು ಬರೆದುಕೊಟ್ಟ ಆ ಚೀಟಿಯನ್ನೇ ನಾವು ನಂಬಿದೆವು. ಅದಾದ ಮೇಲೆ ಎರಡು ಮಳೆಗಾಲ ಕಳೆದಿವೆ, ಶಟರ್ ಅಂಟಿಲ್ಲ.